ಮದಗದ ಕೆರೆಯ ದಂಡೆಯ ಮೇಲೊಂದು ರಾತ್ರಿ

ಕಳೆದ ಜನವರಿಯಲ್ಲಿ ಹಾನಗಲ್ಲಿನ ನನ್ನ ಹಳೆಯ ವಿದ್ಯಾರ್ಥಿಗಳು ಗುರುವಂದನೆಯ ಕಾರ್ಯಕ್ರಮವೊಂದನ್ನು ಇಟ್ಟುಕೊಂಡಿದ್ದರು. ಹಾರ, ಶಾಲು, ಫಲತಾಂಬೂಲಗಳೆಲ್ಲ ಮುಗಿದ ಮೇಲೆ ಮಾತನಾಡಲು ನಿಂತವನೊಬ್ಬ, 1988ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು, ಈಗ ತಲೆ ನರೆತ ಗೃಹಸ್ಥ, ತನ್ನ ಅಂಗಿಯ ತೋಳನ್ನು ಮೇಲೆ ಮಡಚಿ ಮುಂಗೈಯನ್ನು ಸಭೆಗೆ ತೋರಿಸುತ್ತ, “ಸರ್ ಇಲ್ಲೇ ಉಗುರಿನಿಂದ ಗೀರ್ತಿದ್ರು” ಎಂದ. ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಕೈಯಲ್ಲಿ ಕಲಿತವರಿಗೆ ಆ ಗೀರಿನ ಅರ್ಥ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಕೆರೆಯ ನೀರಿನಲ್ಲಿ ಬಹಳ ಹೊತ್ತು ಬಿದ್ದುಕೊಂಡ ಹುಡುಗನ ಮೈ ಒಣಗಿದ ಮೇಲೆ ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತದೆ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದು ಎಷ್ಟೇ ಸತ್ಯವಂತನಂತೆ ನಿಂತರೂ ಆ ಗೆರೆ ಸುಳ್ಳು ಹೇಳುವುದಿಲ್ಲ. ಬೇಸಗೆಯ ದಿನಗಳಲ್ಲಿ ಮಧ್ಯಾಹ್ನದ ಬಿಡುವು ಮುಗಿದೊಡನೆ ನಾನು ಹುಡುಗರನ್ನು ಸಾಲಾಗಿ ನಿಲ್ಲಿಸಿ ಮುಂಗೈ ಪರೀಕ್ಷೆ ಮಾಡುತ್ತಿದ್ದೆ. ಬಿಳಿಗೆರೆ ಮೂಡಿದವನು ಆನೆಕೆರೆಗೆ ಇಳಿದವನೆಂದು ಲೆಕ್ಕ. ಬೇರೆ ಯಾವ ತಪ್ಪಿಗೂ ನಾನು ಅಷ್ಟು ಹೊಡೆದವನಲ್ಲ. ಲೆಕ್ಕ ತಪ್ಪಿದವರನ್ನು, ಪಾಠ ಬಾರದವರನ್ನು, ಹುಣಸೆಕಾಯಿ ಕದ್ದವರನ್ನು ಸಹ ಬೈದು ಬಿಟ್ಟಿದ್ದೇನೆ. ಕೆರೆಗೆ ಇಳಿದವರನ್ನು ಮಾತ್ರ ಬಿಟ್ಟಿಲ್ಲ. ಈಗಿನ ಕಾನೂನಿನಲ್ಲಿ ಅದು ಅಪರಾಧ, 2009ರ ಶಿಕ್ಷಣ ಹಕ್ಕಿನ ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ಅದು ಬಂದಾಗ ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಒಳ್ಳೆಯದೇ ಆಯಿತು.

“ಯಾಕ ಸರ್ ಅಷ್ಟು ಸಿಟ್ಟು?” ಎಂದು ಅಂದು ಅವನು ನಗುತ್ತಲೇ ಕೇಳಿದ. ಉತ್ತರ ಹೇಳಲು ನನಗೆ ಸಭೆಯಲ್ಲಿ ಧೈರ್ಯವಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಾವು ನಾಲ್ವರು ಸ್ನೇಹಿತರು. ಧಾರವಾಡದಲ್ಲಿ ಬಿ.ಎಡ್. ಮಾಡುವಾಗ ಒಂದೇ ಕೋಣೆಯಲ್ಲಿ ಇದ್ದವರು. ಒಂದು ಸ್ಟೋವು, ಎರಡು ಪಾತೆಲೆ, ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಿಗೆ. ನೌಕರಿ ಸಿಕ್ಕ ಮೇಲೆ ನಾಲ್ಕು ತಾಲ್ಲೂಕುಗಳಿಗೆ ಹಂಚಿಹೋದೆವು. ನಮ್ಮ ಕಡೆಯ ಮಾಸ್ತರರಿಗೆ ಸ್ವಂತ ಹೆಸರು ಉಳಿಯುವುದು ಹಾಜರಿ ಪುಸ್ತಕದಲ್ಲಿ ಮಾತ್ರ. ಹೀಗಾಗಿ ಒಬ್ಬರು ಸವಣೂರು ಮಾಸ್ತರು, ಒಬ್ಬರು ಶಿಗ್ಗಾವಿ ಮಾಸ್ತರು, ಇನ್ನೊಬ್ಬರು ಹಿರೇಕೆರೂರು ಮಾಸ್ತರು, ನಾನು ಹಾನಗಲ್ಲ ಮಾಸ್ತರು. ನಮ್ಮ ನಮ್ಮಲ್ಲಿಯೂ ಹಾಗೆಯೇ ಕರೆದುಕೊಂಡೆವು. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಅದು ಆದದ್ದು 1997ರಲ್ಲಿ. ನಾವೆಲ್ಲರೂ ಧಾರವಾಡ ಜಿಲ್ಲೆಯವರು.

1981ರ ದೀಪಾವಳಿಗೆ ಮೊದಲೇ ಪತ್ರ ಬರೆದುಕೊಂಡಿದ್ದೆವು, ಒಂದು ರಾತ್ರಿ ಎಲ್ಲಾದರೂ ಬಯಲಿನಲ್ಲಿ ಮಲಗಬೇಕು, ಹೆಂಡಿರು ಮಕ್ಕಳು ಶಾಲೆ ಏನೂ ಇರಬಾರದು ಎಂದು. ಎಲ್ಲಿ ಎಂಬುದಕ್ಕೆ ಮಾತ್ರ ನಾಲ್ಕು ಪತ್ರಗಳು ತಿರುಗಿದವು. ಶಿಗ್ಗಾವಿ ಮಾಸ್ತರು ಬಂಕಾಪುರದ ಕೋಟೆ ಎಂದರು. ಅಲ್ಲಿ ನಗರೇಶ್ವರನ ಅರವತ್ತು ಕಂಬದ ಗುಡಿ ಇದೆ, ಕಂದಕದ ತುಂಬ ನವಿಲುಗಳಿವೆ. ಗುಣಭದ್ರರ ಉತ್ತರಪುರಾಣಕ್ಕೂ ಆ ಊರಿಗೂ ಸಂಬಂಧ ಉಂಟು. ಆದರೆ ಕೋಟೆಯೊಳಗೆ ಖಿಲಾರಿ ದನಗಳನ್ನು ಬೆಳೆಸುವ ಸರಕಾರಿ ಕೇಂದ್ರ ಇದ್ದುದರಿಂದ ಅಪ್ಪಣೆ ಕೇಳಬೇಕು, ಅರ್ಜಿ ಬರೆಯಬೇಕು. ಅರ್ಜಿ ಎಂದೊಡನೆ ನಾಲ್ವರಿಗೂ ಬೇಸರ ಬಂತು. (ಆ ಕೋಟೆ 2006ರಲ್ಲಿ ನವಿಲುಧಾಮವಾಯಿತು. ಈಗಂತೂ ಅಲ್ಲಿ ಮಲಗುವ ಮಾತೇ ಇಲ್ಲ.) ಸವಣೂರಿನವರು ತಮ್ಮ ಊರಿನ ದೊಡ್ಡಹುಣಸೆ ಮರಗಳ ಕೆಳಗೆ ಎಂದರು, ಮಠದ ಅಂಗಳ, ಬಯಲಲ್ಲ. ನನ್ನ ಆನೆಕೆರೆಯೋ ಊರಿಗೆ ಅಂಟಿಕೊಂಡದ್ದು, ಹತ್ತು ಜನ ವಿದ್ಯಾರ್ಥಿಗಳಾದರೂ ಕಣ್ಣಿಗೆ ಬೀಳದೆ ಇರುವುದಿಲ್ಲ. ಕೊನೆಗೆ ಹಿರೇಕೆರೂರು ಮಾಸ್ತರ ಮಾತು ನಿಂತಿತು: ಮಾಸೂರಿನ ಮದಗದ ಕೆರೆ.

ಆ ಕೆರೆಯನ್ನು ನೋಡದವರಿಗೆ ಎರಡು ಮಾತು. ಹುಂಚದ ಕಡೆಯಲ್ಲಿ ಹುಟ್ಟಿದ ಕುಮುದ್ವತಿ ನದಿ ಶಿಕಾರಿಪುರದ ಸೀಮೆಯನ್ನು ದಾಟಿ ನಮ್ಮ ಕಡೆಗೆ ಬರುವಾಗ ಎರಡು ಗುಡ್ಡಗಳ ನಡುವಿನ ಕಿರಿದಾದ ಬಾಯಿಯಲ್ಲಿ ನುಗ್ಗುತ್ತದೆ. ವಿಜಯನಗರದ ಕಾಲದವರು ಆ ಬಾಯಿಗೇ ಒಡ್ಡು ಹಾಕಿದರು. ಗುಡ್ಡವೇ ಮುಕ್ಕಾಲು ಕೆಲಸ ಮಾಡಿಕೊಟ್ಟಿದ್ದರೂ ಉಳಿದ ಕಾಲುಭಾಗವನ್ನು ಕಂಡರೆ ಎದೆ ಝಲ್ಲೆನ್ನುತ್ತದೆ: ಒಡ್ಡು ಅಂದರೆ ಒಡ್ಡಲ್ಲ, ಅದೇ ಇನ್ನೊಂದು ಗುಡ್ಡ, ಅದರ ಒಳಮೈಗೆ ಆನೆಯ ಗಾತ್ರದ ಕಲ್ಲುಗಳು. ನಡುವೆ ಒಮ್ಮೆ ಒಡೆದು ಹೋಗಿ, ಬ್ರಿಟಿಷರ ಕಾಲದಲ್ಲಿ ಮೊದಲಿಗಿಂತ ಸಣ್ಣದಾಗಿ ದುರಸ್ತಿಯಾಯಿತು. ಮಳೆಗಾಲದಲ್ಲಿ ಕೋಡಿ ಬಿದ್ದಾಗ ನೀರು ಜಲಪಾತವಾಗಿ ಧುಮುಕುತ್ತದೆ. ಈಗ ಅದನ್ನು ನೋಡಲು ದೂರದಿಂದ ಕಾರುಗಳು ಬರುತ್ತವೆ. ಅಂದು ಹಿರೇಕೆರೂರು ತಾಲ್ಲೂಕಾಗಿದ್ದ ಮಾಸೂರು ಇಂದು ರಟ್ಟೀಹಳ್ಳಿ ತಾಲ್ಲೂಕಿಗೆ ಸೇರಿದೆ.

ನವೆಂಬರಿನ ಮೊದಲ ಶನಿವಾರ, ಬೆಳಗಿನ ಶಾಲೆ ಮುಗಿಸಿ ತಿಳವಳ್ಳಿ, ಚಿಕ್ಕೇರೂರಿನ ಮಾರ್ಗವಾಗಿ ನಾನು ಹಿರೇಕೆರೂರು ತಲುಪಿದಾಗ ಉಳಿದ ಮೂವರೂ ಬಸ್‌ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಡೇರೆ ಎಂಬುದು ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಾಲ್ಕು ಕಂಬಳಿ, ಒಂದು ಜಮಖಾನ, ಒಂದು ಕಂದೀಲು, ಒಂದು ಬ್ಯಾಟರಿ, ಚಹಾದ ಪಾತೆಲೆ. ಬುತ್ತಿ ಮಾತ್ರ ನಾಲ್ಕು ಮನೆಗಳಿಂದ ಬಂದಿದ್ದರಿಂದ ಎಂಟು ಜನರಿಗೆ ಸಾಲುವಷ್ಟಿತ್ತು. ಕಟಕ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ನನ್ನ ಕಡೆಯಿಂದ ಮೊಸರನ್ನ (ಹಾನಗಲ್ಲು ಭತ್ತದ ಸೀಮೆ, ಅನ್ನ ಬಿಟ್ಟು ನಮಗೆ ಹೊಟ್ಟೆ ತುಂಬದು), ಸವಣೂರು ಮಾಸ್ತರ ಚೀಲದಲ್ಲಿ ಒಂದು ದೊಡ್ಡ ಪೊಟ್ಟಣ ಖಾರ ಮತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ. ಸವಣೂರ ಎಲೆ ತಿಂದವರು ಬೇರೆ ಎಲೆಗೆ ಬಾಯಿ ತೆರೆಯರೆಂಬುದು ಅವರ ಸಿದ್ಧಾಂತ.

ಮಾಸೂರಿನಲ್ಲಿ ಇಳಿದು ನಡೆದೆವು. ಹೊತ್ತು ಮುಳುಗುವ ಮುನ್ನ ಒಡ್ಡಿನ ಒಂದು ತುದಿಯಲ್ಲಿ ಗುಡ್ಡದ ಬುಡಕ್ಕೆ ಹೊಂದಿಕೊಂಡ ಸಮತಟ್ಟಾದ ಜಾಗದಲ್ಲಿ ಗಂಟು ಇಳಿಸಿದೆವು. ಸ್ವಲ್ಪ ದೂರದಲ್ಲಿ ಕುರಿಗಾರರು ಬೀಡುಬಿಟ್ಟಿದ್ದರು. ನಮ್ಮ ಸಾಮಾನನ್ನೂ ನಮ್ಮ ಇಸ್ತ್ರಿ ಅಂಗಿಗಳನ್ನೂ ಕಂಡು ಅವರಲ್ಲಿ ಹಿರಿಯನೊಬ್ಬ, “ಮನಿಯಾಗ ಜಾಗಾ ಇಲ್ಲೇನ್ರೀ?” ಎಂದು ಕೇಳಿದ. ವರ್ಷದಲ್ಲಿ ಎಂಟು ತಿಂಗಳು ಬಯಲಿನಲ್ಲಿಯೇ ಮಲಗುವವನಿಗೆ ನಮ್ಮ ಆಸೆ ಅರ್ಥವಾಗಬೇಕಾದರೂ ಹೇಗೆ? ಅವನೇ ಒಣಗಿದ ಕಟ್ಟಿಗೆ ತಂದುಕೊಟ್ಟ. ನಾವು ಆರಿಸಿಕೊಂಡು ಬಂದಿದ್ದುದು ಹಸಿಯದು, ಬರೀ ಹೊಗೆ.

ಸಂಜೆ ಮೂವರೂ ನೀರಿಗೆ ಇಳಿದರು. ಹಿರೇಕೆರೂರು ಮಾಸ್ತರು ತೂಬಿನ ಕಡೆ ಯಾರೂ ಹೋಗಕೂಡದೆಂದು ಎಚ್ಚರಿಸಿ ತಾವೇ ಮೊದಲು ಹಾರಿದರು. ಸವಣೂರಿನವರು ಮೀನಿನಂತೆ ಮುಳುಗಿ ಅಷ್ಟು ದೂರದಲ್ಲಿ ತಲೆ ಎತ್ತಿದರು. ನಾನು ದಂಡೆಯ ಕಲ್ಲಿನ ಮೇಲೆ ಕುಳಿತು, ನೆಗಡಿಯ ನೆವ ಹೇಳಿ ಕಾಲು ಮಾತ್ರ ಇಳಿಬಿಟ್ಟೆ. ಈಜು ಬರುವುದಿಲ್ಲವೆಂದು ಆರು ವರ್ಷದ ಸ್ನೇಹಿತರಿಗೂ ನಾನು ಹೇಳಿರಲಿಲ್ಲ. ಆನೆಕೆರೆಯ ಊರಿನವ, ಬಂದೇ ಬರುತ್ತದೆಂದು ಅವರ ಎಣಿಕೆ. ನಾನೂ ಅದನ್ನು ತಿದ್ದಿರಲಿಲ್ಲ. ನನ್ನ ತಾಯಿಗೆ ನಾನೊಬ್ಬನೇ ಗಂಡು ಮಗ, ನೀರಿನ ಹತ್ತಿರ ಬಿಟ್ಟವಳಲ್ಲ. ಮೂವತ್ತರ ಗಂಡಸು ಇದನ್ನು ಹೇಗೆ ಬಾಯಿಬಿಟ್ಟು ಹೇಳುವುದು? “ನೆಗಡಿಗೆ ಕೆರಿ ನೀರೇ ಔಷಧ, ಬರ್ರಿ ಮಾಸ್ತರ” ಎಂದು ಶಿಗ್ಗಾವಿಯವರು ನೀರು ಎರಚಿದರು. ನಾನು ಎದ್ದುಹೋಗಿ ಚಹಾಕ್ಕೆ ಇಟ್ಟೆ.

ಊಟವಾದ ಮೇಲಿನ ಆ ಹೊತ್ತನ್ನು ನೆನೆದರೆ ಈಗಲೂ ಸುಖವೆನಿಸುತ್ತದೆ. ಗೌರಿ ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇದ್ದುದರಿಂದ ಚಂದ್ರ ಆಗಲೇ ನೆತ್ತಿಯ ಸಮೀಪ ಇದ್ದ, ಕಂದೀಲನ್ನು ಆರಿಸಿಬಿಟ್ಟೆವು. ಶಿಗ್ಗಾವಿ ಮಾಸ್ತರು ಶಿಶುನಾಳ ಶರೀಫರ ಪದಗಳನ್ನು ಹಾಡಿದರು. ಶರೀಫರು ಹುಟ್ಟಿದ ಶಿಶುವಿನಹಾಳ ಅವರ ತಾಲ್ಲೂಕಿನದೇ, ಹೀಗಾಗಿ ಆ ಪದಗಳನ್ನು ಮನೆಯ ಆಸ್ತಿಯಂತೆ ಹಾಡುತ್ತಿದ್ದರು. ಸ್ವರ ತಪ್ಪಿದರೂ ಅಂಜಿಕೆ ಇಲ್ಲ. ಆಮೇಲೆ ಗೋಕಾಕ ವರದಿಯ ಮಾತು ಬಂತು. ಆ ವರ್ಷದ ಜನವರಿಯಲ್ಲಿ ವರದಿ ಸರಕಾರಕ್ಕೆ ಹೋಗಿತ್ತು, ಜಾರಿಯಾಗುವ ಲಕ್ಷಣ ಕಾಣುತ್ತಿರಲಿಲ್ಲ. ಬೀದಿಗೆ ಇಳಿದ ದೊಡ್ಡ ಚಳವಳಿ ಮುಂದಿನ ವರ್ಷದ್ದು. ವಿ. ಕೃ. ಗೋಕಾಕರು ಸವಣೂರಿನಲ್ಲಿ ಹುಟ್ಟಿದವರಾದ್ದರಿಂದ ಸವಣೂರು ಮಾಸ್ತರು ಗಣಿತದ ಮಾಸ್ತರಾಗಿದ್ದರೂ ವರದಿಯ ವಕೀಲಿಕೆ ವಹಿಸಿಕೊಂಡಿದ್ದರು. ಕನ್ನಡ ಕಲಿಸುವ ನಾನು ಅವರಿಗೆ ಅಡ್ಡಪ್ರಶ್ನೆ ಹಾಕುತ್ತಿದ್ದೆ, ವಾದ ಬೆಳೆಯಲೆಂದು.

ಕೊನೆಗೆ ಹಿರೇಕೆರೂರು ಮಾಸ್ತರು ಕೆರೆಯ ಕಥೆಗಳಿಗೆ ಇಳಿದರು. ಆ ಕಡೆಯ ಜನ ಅದನ್ನು ಮದಗದ ಕೆಂಚಮ್ಮನ ಕೆರೆ ಎಂದು ಕರೆಯುತ್ತಾರೆ. ನೀರು ನಿಲ್ಲದ ಕೆರೆಗೆ ಹೆಣ್ಣನ್ನು ಕೊಡುವ ಕಥೆ ನಮ್ಮ ನಾಡಿನಲ್ಲಿ ಎಷ್ಟು ಕೆರೆಗಳಿಗಿಲ್ಲ! ಭಾಗೀರಥಿಯ ‘ಕೆರೆಗೆ ಹಾರ’ವನ್ನು ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆದರೆ ಕೆರೆಯ ಮಗ್ಗುಲಲ್ಲಿ ಮಲಗಿ, ಕಲ್ಲಿಗೆ ನೀರು ಬಡಿಯುವ ಸಪ್ಪಳದ ನಡುವೆ ಕೇಳಿದ್ದು ಅದೇ ಮೊದಲು. ಮಾತು ನಿಂತಿತು. ಒಬ್ಬೊಬ್ಬರೇ ಕಂಬಳಿ ಎಳೆದುಕೊಂಡರು.

ನನಗೆ ನಿದ್ದೆ ಹತ್ತಲಿಲ್ಲ. ಸಂಜೆಯ ನೆವದ ನಾಚಿಕೆ ಒಳಗೆ ಕೊರೆಯುತ್ತಿತ್ತು. ಒಂದು ಗಂಟೆಯ ಸುಮಾರಿಗೆ ಎದ್ದೆ. ಚಂದ್ರ ಗುಡ್ಡದ ಕಡೆಗೆ ವಾಲಿದ್ದ. ನೀರು ಕನ್ನಡಿಯಂತೆ ಇತ್ತು, ದಂಡೆಯ ಕಲ್ಲುಗಳು ನೀರಿನ ಒಳಗೂ ಮೆಟ್ಟಿಲಿನಂತೆ ಕಾಣುತ್ತಿದ್ದವು. ಯಾರೂ ನೋಡುತ್ತಿಲ್ಲ; ಸೊಂಟದವರೆಗೆ ಇಳಿದು ನಿಂತು ಕೈಕಾಲು ಬಡಿದು ನೋಡೋಣ, ಬೆಳಗ್ಗೆ ಇವರ ಜೊತೆ ಇಳಿಯಲು ಧೈರ್ಯವಾದರೂ ಬಂದೀತು ಎಂದು ಯೋಚಿಸಿದೆ. ಧೋತರ, ಅಂಗಿ ಮಡಚಿ ಕಲ್ಲಿನ ಮೇಲೆ ಇಟ್ಟೆ. ಮಡಚಿ ಇಡುವ ಆ ಶಿಸ್ತು ನನ್ನನ್ನು ಉಳಿಸಿತು, ಮುಂದೆ ಹೇಳುತ್ತೇನೆ. ಕುರಿಗಾರರ ನಾಯಿ ಬೊಗಳಿತು. ಇಳಿದೆ. ಒಂದು ಕಲ್ಲು, ಎರಡನೆಯ ಕಲ್ಲು, ಮೂರನೆಯದು. ನೀರು ಎದೆಗೆ ಬಂತು. ನಾಲ್ಕನೆಯ ಕಲ್ಲು ಇರಲಿಲ್ಲ.

ಮುಳುಗುವವನು ಕೂಗುತ್ತಾನೆಂದು ಪುಸ್ತಕದಲ್ಲಿ ಓದಿದ್ದೆ. ಕೂಗಲು ಬಾಯಿ ನೀರಿನ ಮೇಲೆ ಇರಬೇಕಲ್ಲ. ಒಂದು ಸಪ್ಪಳವೂ ಇಲ್ಲದೆ ನಾನು ಕೆಳಗೆ ಹೋದೆ. ಕಾಲಿಗೆ ಪಾಚಿಯ ಕಲ್ಲು ತಗುಲಿತು, ಜಾರಿತು. ಮೇಲೆ ಬೆಳ್ಳಗೆ ಏನೋ ಅಲ್ಲಾಡುತ್ತಿತ್ತು, ಅದು ಚಂದ್ರ ಎಂದು ತಿಳಿಯಿತು. ನನ್ನ ಮಗಳಿಗೆ ಆಗ ಎರಡು ವರ್ಷ. ಅವಳ ನೆನಪು ಬಂತೆಂದು ಬರೆಯಬೇಕೆನಿಸುತ್ತದೆ, ಆದರೆ ನಿಜವಾಗಿ ಬಂದದ್ದು ಶಾಲೆಯ ಬೀರುವಿನ ಕೀಲಿಕೈ ನನ್ನ ಅಂಗಿಯ ಜೇಬಿನಲ್ಲಿ ಉಳಿಯಿತು ಎಂಬ ಯೋಚನೆ.

ನಾಯಿಯ ಬೊಗಳಿಗೆ ಸವಣೂರು ಮಾಸ್ತರು ಎಚ್ಚತ್ತಿದ್ದರು. ನನ್ನ ಕಂಬಳಿ ಖಾಲಿ. ಬಯಲಕಡೆಗೆ ಹೋಗಿರಬೇಕೆಂದುಕೊಂಡು ಒಂದು ಎಲೆ ಹಚ್ಚಿಕೊಳ್ಳುತ್ತ ಕುಳಿತವರಿಗೆ ಕಲ್ಲಿನ ಮೇಲೆ ಚೌಕವಾಗಿ ಮಡಚಿದ ಬಿಳಿ ಬಟ್ಟೆ ಕಂಡಿತು. ಬಟ್ಟೆ ಇದೆ, ಮನುಷ್ಯ ಇಲ್ಲ, ಈಜುವ ಸಪ್ಪಳವೂ ಇಲ್ಲ. ಅವರು ಉಟ್ಟಬಟ್ಟೆಯಲ್ಲಿಯೇ ಧುಮುಕಿದರು. ನಾನು ಅವರ ಕೊರಳಿಗೆ ಜೋತುಬಿದ್ದೆನಂತೆ, ಇಬ್ಬರೂ ಒಮ್ಮೆ ತಳಕ್ಕೆ ಹೋದೆವಂತೆ. ಆಗ ಅವರು ನನ್ನ ಮುಖಕ್ಕೆ ಮುಷ್ಟಿಯಿಂದ ಗುದ್ದಿ, ಕೈ ಸಡಿಲಾದೊಡನೆ ಕೂದಲು ಹಿಡಿದು ಎಳೆದು ತಂದರು. ದಂಡೆಯಲ್ಲಿ ಬೋರಲು ಹಾಕಿ ಬೆನ್ನು ಒತ್ತಿದರು. ಮೊಸರನ್ನ, ಖಾರ, ಕೆರೆಯ ನೀರು ಎಲ್ಲ ಹೊರಗೆ ಬಂತು.

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವರ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಆಮೇಲೆ ಅವರು ಎಡಗೈ ಮುಟ್ಟಿಕೊಂಡು ನೋಡಿದರು. ಕೈಗಡಿಯಾರ ಇರಲಿಲ್ಲ. ಮದುವೆಯಲ್ಲಿ ಮಾವನವರು ಕೊಟ್ಟ ಎಚ್‌.ಎಂ.ಟಿ. ನಾನು ಅವರ ಮಣಿಕಟ್ಟು ಹಿಡಿದು ಜಗ್ಗುವಾಗ ಪಟ್ಟಿ ಹರಿದಿರಬೇಕು.

“ಈಜು ಬರೂದಿಲ್ಲಂತ ಹೇಳಬಾರದೇನ್ರಿ?” ಎಂದರು.

ನಾನು ಅಳುತ್ತಿದ್ದೆ. ಇಬ್ಬರಿಗೂ ತಿಳಿಸಬೇಡಿರೆಂದು ಕೇಳಿಕೊಂಡೆ. ಜೀವ ಉಳಿದ ಗಳಿಗೆಯಲ್ಲಿ ಕೂಡ ನನಗೆ ಮಾನದ ಚಿಂತೆಯೇ! ಅವರು ಒಂದು ಗಳಿಗೆ ನನ್ನ ಮುಖ ನೋಡಿ, “ಆತು, ಹೇಳೂದಿಲ್ಲ” ಎಂದರು. ಬೆಳಗ್ಗೆ ನನ್ನ ಬಾತ ತುಟಿಯನ್ನು ಕಂಡು ಉಳಿದವರು ಕೇಳಿದಾಗ, “ಪಾಚಿ ಮ್ಯಾಲೆ ಜಾರಿ ಬಿದ್ದಾರ್ರಿ. ಎತ್ತಾಕ ಹೋಗಿ ನಾನೂ ಬಿದ್ದೆ” ಎಂದು ಅವರೇ ಉತ್ತರ ಕೊಟ್ಟರು. ಅರ್ಧ ನಿಜ. ಕುರಿಗಾರರ ಹಿರಿಯ ಅರಿಸಿನ ತಂದು ಅವರ ಮೊಣಕಾಲಿಗೆ ಮೆತ್ತಿದ, ನನ್ನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದ, ಏನೂ ಅನ್ನಲಿಲ್ಲ. ಅವನ ಹೆಸರನ್ನು ಸಹ ನಾನು ಕೇಳದೆ ಬಂದೆ.

ಆ ಡಿಸೆಂಬರಿನಿಂದಲೇ ಮುಂಗೈ ಪರೀಕ್ಷೆ ಆರಂಭವಾದದ್ದು.

ಸವಣೂರು ಮಾಸ್ತರು ಮಾಡಿದ್ದು ಬೇರೆ. ಅವರು ಬೇಸಗೆಯ ರವಿವಾರಗಳಲ್ಲಿ ತಮ್ಮ ಶಾಲೆಯ ಹುಡುಗರ ಬೆನ್ನಿಗೆ ಬೆಂಡು ಕಟ್ಟಿ ಮೆಟ್ಟಿಲು ಬಾವಿಗೆ ಇಳಿಸಿದರು. ಗಣಿತದಲ್ಲಿ ಪಾಸಾಗದ ಹುಡುಗರೂ ಅವರ ಕೈಯಲ್ಲಿ ಈಜಿನಲ್ಲಿ ಪಾಸಾದರು. ಒಮ್ಮೆ ನಮ್ಮ ಶಾಲೆಗೆ ಬಂದಾಗ ನನ್ನ ಸಾಲು, ಗೀರು, ಬೆತ್ತ ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿದರು. ಹೊರಗೆ ಬಂದ ಮೇಲೆ ಕೇಳಿದರು: “ಹೊಡದ್ರ ಈಜು ಬರ್ತೈತೇನ್ರಿ ಮಾಸ್ತರ?” ಮುಂದಿನ ಬೇಸಗೆಯಲ್ಲಿ ಸವಣೂರಿಗೆ ಬನ್ನಿ, ಹುಡುಗರು ಇಲ್ಲದ ಹೊತ್ತಿಗೆ ನಿಮಗೂ ಕಲಿಸುತ್ತೇನೆ ಎಂದರು. ನಾನು ಆಗಲಿ ಎಂದೆ. ಹೋಗಲಿಲ್ಲ. ಆ ಬೇಸಗೆ ಅಲ್ಲ, ಯಾವ ಬೇಸಗೆಯೂ ಅಲ್ಲ. ನನಗೆ ಈಗಲೂ ಈಜು ಬರುವುದಿಲ್ಲ.

ಗಡಿಯಾರವನ್ನು ಕೊಡಿಸಲು ಎರಡು ಸಲ ಪ್ರಯತ್ನಿಸಿದೆ. “ನೀವು ಕೊಡಿಸಿದ್ರ ಯಾಕ ಅಂತ ಮನಿಯಾಗ ಕೇಳ್ತಾರ. ಆಗ ಹೇಳಬೇಕಾಗ್ತೈತಿ. ಬ್ಯಾಡ” ಎಂದು ಬಿಟ್ಟರು. ಮನೆಯಲ್ಲಿ ಅವರು ಏನು ಹೇಳಿದ್ದಾರೆಂದು ನಾನು ಕೇಳಲಿಲ್ಲ.

ಅವರು 2019ರಲ್ಲಿ ತೀರಿಕೊಂಡರು. 2023ರ ಜುಲೈನಲ್ಲಿ ಸವಣೂರಿನ ಆ ಮೂರು ದೊಡ್ಡಹುಣಸೆ ಮರಗಳಲ್ಲಿ ಒಂದು ಉರುಳಿತೆಂದು ಪತ್ರಿಕೆಯಲ್ಲಿ ಓದಿದೆ. ಹೆಸರಿಗೆ ಹುಣಸೆ, ಜಾತಿಯಲ್ಲಿ ಆಫ್ರಿಕದ ಬಾವೊಬಾಬ್. ಬಿದ್ದ ಮರವನ್ನು ಎತ್ತಿ ಮತ್ತೆ ನೆಟ್ಟರೆಂದು ತಿಳಿದು ನೋಡಲು ಹೋದೆ. ನಾಲ್ವರು ಕೈ ಹಿಡಿದರೂ ಅರ್ಧ ಸುತ್ತಳತೆ ಆಗದ ಬೊಡ್ಡೆಯನ್ನು ಹಾಗೆ ನಿಲ್ಲಿಸಿದ್ದನ್ನು ಕಂಡು, ಸ್ನೇಹಿತರ ಮನೆಗೆ ನಡೆದೆ. ವೈನಿಯವರು ಚಹಾ ಕೊಟ್ಟರು, ಖಾರ ಕೊಟ್ಟರು. ಮೊಮ್ಮಗ ಫೋನಿನಲ್ಲಿ ಹೊತ್ತು ನೋಡಿ ಏನೋ ಹೇಳಿದಾಗ ಅವರು ನಕ್ಕು ನನ್ನ ಕಡೆಗೆ ತಿರುಗಿದರು.

“ನಿಮ್ಮ ಗೆಳೆಯರು ನಮ್ಮಪ್ಪ ಕೊಟ್ಟ ಗಡಿಯಾರ ಸಂತ್ಯಾಗ ಕಳಕೊಂಡು ಬಂದಿದ್ರು ನೋಡ್ರಿ. ಸಾಯೂತನಾ ನಮ್ಮಪ್ಪ ಅದನ್ನ ಅಂದಾ ಅಂದ. ಕೈಯಾಗಿಂದು ಕಳಕೊಳ್ಳೂ ಮನಶಾ, ಮಗಳನ್ನ ಹ್ಯಾಂಗ ಕಾಯ್ತಾನ ಅಂತಿದ್ದ. ಇವರು ಒಂದು ಮಾತು ತಿರುಗಿ ಆಡಲಿಲ್ಲ.”

ನಾನು ಬಟ್ಟಲನ್ನು ಕೆಳಗಿಟ್ಟೆ. ಆ ಕ್ಷಣವೇ ಹೇಳಬೇಕಿತ್ತು. ಹೇಳದೆ ಬಸ್ಸು ಹಿಡಿದು ಬಂದೆ.

ನಾನು ಇಲ್ಲಿ ಬರೆಯುವುದನ್ನು ಆ ಮೊಮ್ಮಗ ಓದುತ್ತಾನೆಂದು ಅವನೇ ಅಂದು ಹೇಳಿದ್ದ. ಆದ್ದರಿಂದ, ತಮ್ಮಾ, ಇದನ್ನು ಅಜ್ಜಿಗೆ ಓದಿ ಹೇಳು. ನಾಡಿದ್ದು ರವಿವಾರ ನಾನೂ ಬರುತ್ತೇನೆ, ಅವರ ಎದುರಿಗೆ ಕುಳಿತು ನನ್ನ ಬಾಯಿಂದಲೇ ಹೇಳಬೇಕಾದುದು ಉಳಿದಿದೆ. ನಿಮ್ಮ ಅಜ್ಜ ಆ ಗಡಿಯಾರವನ್ನು ಸಂತೆಯಲ್ಲಿ ಕಳೆದುಕೊಳ್ಳಲಿಲ್ಲ. ಅದು ಮದಗದ ಕೆರೆಯಲ್ಲಿದೆ, ಒಡ್ಡಿನ ತುದಿಯ ಮೂರನೆಯ ಕಲ್ಲಿನಿಂದ ಆಚೆಗೆ.